ಎರಡು ಗಂಟೆಯ ಸಕ್ಕರೆ

ನಿಯಾಜ್ ಅಹಮದ್ ಅವರ ಸಿಟ್ಟನ್ನು ನಾನು ಹದಿನಾಲ್ಕು ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಅವರು ನಮ್ಮ ಆರೋಗ್ಯ ಕೇಂದ್ರದ ಲ್ಯಾಬ್ ಟೆಕ್ನಿಷಿಯನ್, ನಾನು ಅಲ್ಲೇ ನರ್ಸ್, ಹೆಸರು ವನಜಾಕ್ಷಿ. ನಮ್ಮಿಬ್ಬರ ಕೋಣೆಗಳ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ, ಅಷ್ಟೆ. ಊರಿನ ಹೆಸರು ಬರೆಯುವುದಿಲ್ಲ, ಇನ್ನೂ ಕೆಲಸದಲ್ಲಿದ್ದೇನೆ. ಮಧುಗಿರಿಯಿಂದ ಪಾವಗಡದ ದಾರಿ ಹಿಡಿದು, ನಡುವೆ ಎಲ್ಲೋ ಒಳಗೆ ತಿರುಗಿದರೆ ಸಿಗುವ ಊರುಗಳಲ್ಲಿ ಒಂದು ಎಂದುಕೊಳ್ಳಿ.

ಬೆಳಿಗ್ಗೆ ಒಂಬತ್ತಕ್ಕೆ ಆ ಗೋಡೆಯಾಚೆಯಿಂದ ಬರುವ ಮೊದಲ ಮಾತು ಯಾವತ್ತೂ ಒಂದೇ.

"ಖಾಲಿ ಹೊಟ್ಟೇಲಿ ಬಾ ಅಂದಿದ್ನಲ್ಲಪ್ಪಾ. ಏನ್ ತಿಂದ್ಕಂಡ್ ಬಂದೆ?"

"ಏನೂ ತಿಂದಿಲ್ಲ ಸಾ. ಬರೀ ಒಂದ್ಲೋಟ ಕಾಫಿ."

"ಕಾಫಿ ಅಂದ್ರೆ ಏನು, ಗಾಳೀನಾ?"

ಕಾಫಿ ಗಾಳಿಯಲ್ಲ ಎಂದು ಹದಿನಾಲ್ಕು ವರ್ಷದಲ್ಲಿ ಒಬ್ಬರೂ ಒಪ್ಪಿಲ್ಲ. ಒಂದು ಬಾಳೆಹಣ್ಣು ತಿಂದರೆ ಅದು ತಿಂದ ಲೆಕ್ಕವಲ್ಲ. ಕಡ್ಲೆಪುರಿ ಬಾಯಾಡಿಸಿದರೆ ಅದೂ ಅಲ್ಲ. ನಮ್ಮ ಕಡೆ ಮುದ್ದೆ ಇಳಿದರೆ ಮಾತ್ರ ಊಟ. ನಿಯಾಜ್ ಸಾಹೇಬರು ಮೇಜು ಕುಟ್ಟುತ್ತಾರೆ. "ನಮ್ಮಮ್ಮ ಖಾಜಾಬಿಗೆ ಎಪ್ಪತ್ಮೂರು ವರ್ಷ. ರೋಜಾ ಇಟ್ರೆ ಸಂಜೆ ಗಂಟ ಒಂದು ಗುಟುಕು ನೀರು ಇಳಿಸಲ್ಲ. ನಿಮಗೆ ಒಂದ್ ಬೆಳಿಗ್ಗೆ ಆಗಲ್ವಾ?" ಎನ್ನುತ್ತಾರೆ. ಕೇಳಿದವನು ದೊಡ್ಡದಾಗಿ ತಲೆಯಾಡಿಸಿ ಹೋಗಿ, ಮುಂದಿನ ವಾರ ಎರಡು ಇಡ್ಲಿ ತಿಂದೇ ಬರುತ್ತಾನೆ.

ಸಾಹೇಬರು ಶಿರಾದವರು. ಅವರಪ್ಪ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂತು, ಕಲಾಯಿ ಹೋಯಿತು, ಮಗನಾದರೂ ಓದಲಿ ಎಂದು ತುಮಕೂರಿಗೆ ಕಳಿಸಿದರು. ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಎರಡು ವರ್ಷ ಇಲಿಗಳ ಮೇದೋಜೀರಕ ಗ್ರಂಥಿ ಬಿಡಿಸುವ ಕೆಲಸ ಮಾಡಿದರು. ಆ ಗ್ರಂಥಿಯೊಳಗೆ ಇನ್ಸುಲಿನ್ ಮಾಡುವ ಜೀವಕಣಗಳು ಸಣ್ಣ ಸಣ್ಣ ಗುಂಪಾಗಿ ಕೂತಿರುತ್ತವಂತೆ. ಆ ಗುಂಪುಗಳನ್ನು ಒಂದೊಂದಾಗಿ ಬೇರ್ಪಡಿಸಿ, ಮೇಲೆ ಒಂದೊಂದು ಔಷಧಿ ಹನಿಸಿ, ಎಷ್ಟು ಇನ್ಸುಲಿನ್ ಹೊರಗೆ ಬಂತು ಎಂದು ಅಳೆಯಬೇಕು. ಮಧ್ಯಾಹ್ನ ನಾವಿಬ್ಬರು ಊಟದ ಡಬ್ಬಿ ಬಿಚ್ಚಿದರೆ ಸಾಕು, ಆ ಇಲಿಗಳ ಮಾತು ನಮ್ಮ ಮಧ್ಯೆ ಬಂದು ಕೂರುತ್ತಿತ್ತು. ಎರಡು ವರ್ಷಕ್ಕೆ ಯೋಜನೆ ಮುಗಿಯಿತು, ಅವರ ಮೇಷ್ಟ್ರು ಬೇರೆ ಊರಿಗೆ ಹೋದರು. ಇವರು ಶಿರಾಕ್ಕೆ ವಾಪಸು ಬಂದು, ಲ್ಯಾಬ್ ಡಿಪ್ಲೊಮಾ ಮಾಡಿಕೊಂಡು, ನಮ್ಮಲ್ಲಿಗೆ ಬಂದು ಬಿದ್ದರು. ಬಿದ್ದರು ಅನ್ನುವ ಮಾತು ಅವರದೇ.

"ಸಿಟ್ಟು ಬಂದ್ರೆ ನರದ ತುದೀಲಿ ಒಂದು ರಸ ಬರುತ್ತೆ ಸಿಸ್ಟರ್," ಎಂದು ಒಂದು ದಿನ ಹೇಳಿದರು. "ಅದು ಇನ್ಸುಲಿನ್ ಕಣದ ಮೇಲಿರೋ ರಿಸೆಪ್ಟರ್‌ಗೆ ಹೋಗಿ ಕೂತ್ರೆ ಇನ್ಸುಲಿನ್ ಬಂದ್. ಸಕ್ಕರೆ ಏರುತ್ತೆ."

"ಹಂಗಾದ್ರೆ ನಿಮ್ಮದು ಬಂದ್ ಆಗಿ ಹದಿನಾಲ್ಕು ವರ್ಷ ಆಯ್ತಲ್ಲ ಸಾರ್," ಎಂದೆ. ಅವರು ನಗಲಿಲ್ಲ. ಅವರಿಗೆ ನಗು ಬರುವುದಿಲ್ಲ ಎಂದಲ್ಲ, ಬರುವ ಹೊತ್ತಿಗೆ ಯಾರಾದರೂ ಒಬ್ಬ ರೋಗಿ ಕಾಫಿ ಕುಡಿದು ಬಂದಿರುತ್ತಾನೆ.

ರಿಸೆಪ್ಟರ್ ಅಂದರೆ ಏನೆಂದು ನನಗೂ ಅವರಿಂದಲೇ ಗೊತ್ತಾದದ್ದು. ಕಣದ ಹೊರಮೈಯಲ್ಲಿ ಅಂಟಿಕೊಂಡಿರುವ ಒಂದು ಗೂಡು. ನರದಿಂದ ಬರುವ ರಸಗಳಲ್ಲಿ ಯಾವುದಕ್ಕೆ ಯಾವ ಗೂಡು ಎಂಬುದು ನಿಗದಿ. ಒಂದು ಕೂತರೆ ಕಣ ಇನ್ಸುಲಿನ್ ಬಿಡುತ್ತದೆ, ಇನ್ನೊಂದು ಕೂತರೆ ತಡೆಯುತ್ತದೆ. ಇದನ್ನೆಲ್ಲ ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು ಹುಳಿಯನ್ನ ಕಲಸುತ್ತಿದ್ದೆ. ಆ ಗೂಡು ನಮ್ಮ ಅಂಗಳಕ್ಕೇ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಸೋಮವಾರ ಬಸುರಿಯರ ದಿನ. ಅವತ್ತು ಸಕ್ಕರೆ ಪರೀಕ್ಷೆ ನಡೆಯುತ್ತದೆ. ಎಪ್ಪತ್ತೈದು ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿಗೆ ಕಲಸಿ ಕೊಡುತ್ತೇವೆ, ಬಸುರಿ ಐದು ನಿಮಿಷದೊಳಗೆ ಅದನ್ನು ಕುಡಿದು, ಎರಡು ಗಂಟೆ ಸುಮ್ಮನೆ ಕೂತು, ಆಮೇಲೆ ರಕ್ತ ಕೊಡಬೇಕು. ನೂರ ನಲವತ್ತರ ಕೆಳಗೆ ಬಂದರೆ ಸರಿ. ಮೇಲೆ ಬಂದರೆ ಬಸುರಿನ ಸಕ್ಕರೆ ಕಾಯಿಲೆ. ಆಗ ಪಥ್ಯ, ಮಾತ್ರೆ, ಇನ್ಸುಲಿನ್ ಎಲ್ಲ ಬೇಕು. ಇಲ್ಲದಿದ್ದರೆ ತಾಯಿಯ ರಕ್ತದ ಸಕ್ಕರೆ ಕುಡಿದು ಹೊಟ್ಟೆಯಲ್ಲಿರುವ ಮಗು ಅಳತೆ ಮೀರಿ ಬೆಳೆಯುತ್ತದೆ.

ಬರೆಯುವುದಕ್ಕೆ ಇಷ್ಟೇ ಸುಲಭ. ಒಂದು ಸಲ ಆ ನೀರು ಕುಡಿದು ನೋಡಿ. ಮೊದಲೇ ವಾಕರಿಕೆ ಇರುವ ಹೆಣ್ಣುಮಗಳು, ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಬಸ್ಸಿಳಿದು ಎರಡು ಮೈಲಿ ನಡೆದು ಬಂದಿರುತ್ತಾಳೆ. ಗಂಟಲು ಕಟ್ಟುವ ಸಿಹಿ ಇಳಿದ ಹತ್ತು ನಿಮಿಷಕ್ಕೆ ಎಲ್ಲ ಹೊರಗೆ. ವಾಂತಿಯಾದರೆ ಪರೀಕ್ಷೆ ಕೆಟ್ಟಂತೆ, ಇನ್ನೊಂದು ದಿನ ಬರಬೇಕು. ಇನ್ನೊಂದು ದಿನ ಯಾವ ಅತ್ತೆ ಕಳಿಸುತ್ತಾಳೆ? ಮೇಲಿನವರಿಗೆ ಮಾತ್ರ ತಿಂಗಳ ಕೊನೆಗೆ ನೂರಕ್ಕೆ ನೂರು ಪರೀಕ್ಷೆ ಮುಗಿದಿರಬೇಕು.

ಈಗ ಪ್ರಿಯಾಂಕಳ ವಿಷಯಕ್ಕೆ ಬರುತ್ತೇನೆ. ತವರು ವೈ.ಎನ್. ಹೊಸಕೋಟೆ, ಕೊಟ್ಟಿದ್ದು ನಮ್ಮ ದೊಡ್ಡೇರಿ ಕಡೆಗೆ. ಗಂಡ ಗೌರೀಶ್ ಗೂಡ್ಸ್ ಆಟೋ ಓಡಿಸುತ್ತಾನೆ, ಬಾಯಿ ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಮಾತಾಡುವವಳು ಅವನಮ್ಮ ಶಿವರುದ್ರಮ್ಮ. ಮೂರು ವರ್ಷದ ಹಿಂದೆ ಪ್ರಿಯಾಂಕ ಮೊದಲ ಬಸುರಿ. ಸಕ್ಕರೆ ಪರೀಕ್ಷೆಯಲ್ಲಿ ನೂರ ಹದಿನೆಂಟು. ಸಾಹೇಬರು ಸಹಿ ಹಾಕಿದರು, ನಾನು ತಾಯಿ ಕಾರ್ಡಿನಲ್ಲಿ 'ಸರಿ ಇದೆ' ಎಂದು ಬರೆದೆ. ಹೆರಿಗೆಗೆ ನೋವು ಜೋರಾದ ಮೇಲೆಯೇ ಬಂದಳು, ಆಂಬುಲೆನ್ಸ್ ಕರೆಯುವಷ್ಟು ಪುರುಸೊತ್ತಿರಲಿಲ್ಲ. ತಲೆ ಹೊರಗೆ ಬಂತು. ಭುಜ ಬರಲಿಲ್ಲ. ನಾನು ಕಲಿತದ್ದನ್ನೆಲ್ಲ ಮಾಡಿದೆ, ಕಲಿಯದ್ದನ್ನೂ ಮಾಡಿದೆ. ಗಂಡು ಮಗು, ನಾಲ್ಕು ಕೆಜಿ ಮುನ್ನೂರು ಗ್ರಾಂ. ಇಪ್ಪತ್ತು ನಿಮಿಷ ಇತ್ತು.

ಶಿವರುದ್ರಮ್ಮ ವಾರ್ಡಿನ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು. "ಬ್ಯಾಡ ಬ್ಯಾಡ ಅಂದ್ರೂ ತಿಂದ್ಲು. ಬಸುರೀಲಿ ಹೊಟ್ಟೆ ಕಟ್ಟಬೇಕು ಕಣಮ್ಮ. ಇವ್ಳು ಉಂಡುಂಡೇ ಮಗೀನ ಕೊಂದುಬುಟ್ಲು." ನಮ್ಮ ಕಡೆ ಇದು ಹೊಸ ಮಾತಲ್ಲ. ಬಸುರಿ ಜಾಸ್ತಿ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ ಎಂದು ಅರ್ಧ ಮುದ್ದೆ ಇಕ್ಕುವ ಮನೆಗಳು ಈಗಲೂ ಇವೆ. ಅವತ್ತಿನಿಂದ ಪ್ರಿಯಾಂಕಳಿಗೆ ಆ ಊರಲ್ಲಿ ಅದೇ ಹೆಸರಾಯಿತು. ತಿಂದು ಮಗು ಕೊಂದವಳು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು ಅವಳ ಎಲೆ ನೋಡುತ್ತಿದ್ದರಂತೆ.

ಎರಡನೆಯ ಬಸುರಿನಲ್ಲಿ ಅವಳು ಬಂದಾಗ ಕೆನ್ನೆ ಇಳಿದಿತ್ತು. ಊಟ ಬಿಟ್ಟಿದ್ದಳು. "ಏನಾಗ್ತದೋ ಏಮೋ ಸಿಸ್ಟರ್, ಈ ಕೂಸೂ ಹೋದ್ರೆ ನಾನು ಆ ಮನೇಲಿ ಇರಕಾಗಲ್ಲ," ಎಂದಳು. ಮೈ ಬಡವಾಗಿತ್ತು, ಹೊಟ್ಟೆ ಮಾತ್ರ ದೊಡ್ಡದು. ಇಪ್ಪತ್ತಾರು ವಾರಕ್ಕೆ ಹೊಟ್ಟೆಗೆ ಟೇಪು ಹಿಡಿದರೆ ಮೂವತ್ತು ವಾರದ ಅಳತೆ ತೋರಿಸಿತು. ಗ್ಲೂಕೋಸ್ ಕುಡಿಸಿ, ಎರಡು ಗಂಟೆಗೆ ರಕ್ತ ತೆಗೆದರೆ ನೂರ ಹದಿನಾರು.

ಸಾಹೇಬರು ಆ ಅಂಕಿಯನ್ನು ನೋಡಿದರು, ನನ್ನ ಟೇಪಿನ ಲೆಕ್ಕ ಕೇಳಿದರು, ಹಳೆಯ ರಿಜಿಸ್ಟರ್ ತೆಗೆದು ನೂರ ಹದಿನೆಂಟನ್ನು ನೋಡಿದರು. "ಇದು ಸುಳ್ಳು," ಎಂದರು.

"ಮಿಷನ್ ಹೇಳ್ತಿದೆಯಲ್ಲ ಸಾರ್."

"ಮಿಷನ್ ಸುಳ್ಳು ಹೇಳ್ತಿದೆ."

ಅಲ್ಲಿಂದ ಶುರುವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ ಮೊದಲು ಮಿಷನ್ನಿನ ಮೇಲೆ ಬಿದ್ದರು. ಅಳತೆ ಗೊತ್ತಿರುವ ದ್ರಾವಣ ಹಾಕಿ ನೋಡಿದರು, ಸರಿ ಇತ್ತು. ರಾಸಾಯನಿಕದ ತಾರೀಕು ನೋಡಿದರು, ಸರಿ ಇತ್ತು. ಗ್ಲೂಕೋಸ್ ಪುಡಿಯಲ್ಲಿ ಮೋಸವೆಂದು ಕಿರಾಣಿ ಅಂಗಡಿಯಿಂದ ಎಲೆಕ್ಟ್ರಾನಿಕ್ ತಕ್ಕಡಿ ತಂದು ಹತ್ತು ಪೊಟ್ಟಣ ತೂಗಿದರು, ಎಪ್ಪತ್ತೈದಕ್ಕೆ ಎಪ್ಪತ್ತೈದು. ಬೇರೆ ರೋಗಿಗಳ ರಕ್ತವನ್ನು ಎರಡು ಪಾಲು ಮಾಡಿ ಒಂದನ್ನು ಮಧುಗಿರಿಗೆ ಕಳಿಸಿದರು, ಎರಡೂ ಕಡೆ ಒಂದೇ ಅಂಕಿ ಬಂತು. ಸೋಮವಾರದ ಬಸುರಿಯರ ಎಂಟು ವರ್ಷದ ಲೆಕ್ಕ ತೆಗೆದರು. ಬೇರೆ ಕೇಂದ್ರಗಳಲ್ಲಿ ನೂರು ಜನಕ್ಕೆ ಹತ್ತು ಹನ್ನೆರಡು ಜನರಿಗೆ ಸಕ್ಕರೆ ಸಿಕ್ಕಿದರೆ ನಮ್ಮಲ್ಲಿ ಮೂರು. ಇಷ್ಟು ವರ್ಷ ಡಾಕ್ಟರುಗಳೆಲ್ಲ ಅದನ್ನು ನೋಡಿ ನಮ್ಮ ಬಸುರಿಯರ ಆರೋಗ್ಯ ಚೆನ್ನಾಗಿದೆ ಎಂದು ಹಿಗ್ಗಿದ್ದರು.

ಈಗಿನ ಡಾಕ್ಟರು ಅನಿಲ್ ಕುಮಾರ್. ಚಿಕ್ಕ ವಯಸ್ಸು, ಕೆಟ್ಟವರೇನಲ್ಲ, ಆದರೆ ಒಂದು ದಿನಕ್ಕೆ ನೂರಿಪ್ಪತ್ತು ರೋಗಿ ನೋಡುವವರಿಗೆ ನೂರ ಹದಿನಾರರ ಮೇಲೆ ಜಗಳ ಆಡುವಷ್ಟು ಬಿಡುವೆಲ್ಲಿ? "ನಾರ್ಮಲ್ ಬಂದಿದೆ ಅಂದ್ಮೇಲೆ ನಾರ್ಮಲ್. ಒಳ್ಳೇ ರಿಪೋರ್ಟ್ ಬಂದ್ರೂ ನಿಮಗೆ ಸಂಕಟನಾ ನಿಯಾಜ್?" ಎಂದರು. ಸಾಹೇಬರು ಹೊರಗೆ ಬಂದು ಕದವನ್ನು ಹಾಕಿದ ಶಬ್ದಕ್ಕೆ ನನ್ನ ಗೋಡೆಯ ಕ್ಯಾಲೆಂಡರ್ ಬಿತ್ತು.

ಕೊನೆಗೆ ಅವರು ಪ್ರಿಯಾಂಕಳನ್ನು ಮತ್ತೆ ಕರೆಸಿದರು. ಈ ಸಲ ತಮ್ಮ ಕಣ್ಣ ಮುಂದೆಯೇ ಎರಡು ಗಂಟೆ ಕೂರಬೇಕು ಎಂದು ಲ್ಯಾಬಿನ ಒಳಗೆ ಸ್ಟೂಲು ಹಾಕಿದರು. ಹದಿನೈದು ನಿಮಿಷಕ್ಕೆ ವಾಂತಿ. ಮತ್ತೆ ಮೂರು ದಿನ ಬಿಟ್ಟು ಕರೆಸಿದರು, ನಿಂಬೆಹಣ್ಣು ಹಿಂಡಿ ಕುಡಿಸಿದರು, ಆಗಲೂ ವಾಂತಿ. ಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಅವಳು ಅಳುತ್ತಾ ಬಾಯಿ ಒರೆಸಿಕೊಂಡಳು. ನಾನು ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ಸಾ, ಬಯ್ಯಲ್ಲ ಅಂದ್ರೆ ಒಂದು ಹೇಳ್ತೀನಿ," ಎಂದಳು. "ಅಜ್ಜಿ ಹತ್ರ ಎಲೆ ಅಡಿಕೆ ಹಾಕ್ಕಂಡು ಬರ್ಲಾ? ಯಾವಾಗ್ಲೂ ಅದ್ರಿಂದ್ಲೇ ನಿಲ್ತಿದ್ದಿದ್ದು."

"ಯಾವ ಅಜ್ಜಿ?"

ಅವಳು ನನ್ನ ಮುಖ ನೋಡಿ, ಕಣ್ಣು ನೆಲಕ್ಕೆ ಹಾಕಿದಳು. "ಕಸ ಗುಡಿಸ್ತದಲ್ಲ ಸಾ, ಆ ಅಜ್ಜಿ. ಎಲ್ಲಾರ್ಗೂ ಕೊಡ್ತದೆ."

ಆ ಅಜ್ಜಿ ಕೊಲ್ಲಾಪುರಮ್ಮ, ನಮ್ಮ ಆಯಾ. ಸೊಂಟದ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಇಲ್ಲದೆ ಅವಳನ್ನು ಯಾರೂ ನೋಡಿಲ್ಲ. ಗ್ಲೂಕೋಸ್ ಕುಡಿದು ಮುಖ ಹಿಂಡಿಕೊಂಡು ಹೊರಗೆ ಬಂದ ಪ್ರತಿ ಬಸುರಿಗೂ ಅವಳು ಎಂಟು ವರ್ಷದಿಂದ ಒಂದು ಎಲೆ, ಎರಡು ಹೋಳು ಅಡಿಕೆ, ಚೂರು ಸುಣ್ಣ ಕೊಡುತ್ತಿದ್ದಳು. ವಾಕರಿಕೆ ನಿಲ್ಲುತ್ತಿತ್ತು, ಒಳಗಿದ್ದದ್ದು ಒಳಗೇ ಉಳಿಯುತ್ತಿತ್ತು. ಯಾರೂ ಅದನ್ನು ತಿಂದದ್ದೆಂದು ಎಣಿಸಲಿಲ್ಲ. ಎಲೆ ಅಡಿಕೆ ತಿನ್ನುವುದಲ್ಲ, ಹಾಕಿಕೊಳ್ಳುವುದು. ಸಾಹೇಬರ ಕಣ್ಣಿಗೆ ಬೀಳದಿದ್ದದ್ದಕ್ಕೆ ಅವರ ಸಿಟ್ಟೇ ಕಾರಣ. ಗೋಡೆಯ ಮೇಲೆ ಕೆಂಪು ಉಗುಳು ಕಂಡರೆ ಅವರು ಆಸ್ಪತ್ರೆ ಹಾರಿಹೋಗುವಂತೆ ಕೂಗುತ್ತಿದ್ದರು. ಅದಕ್ಕೆ ಕೊಲ್ಲಾಪುರಮ್ಮ ಎಲ್ಲರನ್ನೂ ನೀರಿನ ಟ್ಯಾಂಕಿನ ಹಿಂದೆ ಕೂರಿಸಿ, ಅಗಿಸಿ, ಉಗಿಸಿ, ಬಾಯಿ ಮುಕ್ಕಳಿಸಿಯೇ ಒಳಗೆ ಕಳಿಸುತ್ತಿದ್ದಳು.

ಅವಳನ್ನು ಕರೆದು ಕೇಳಿದರು. ಪೊರಕೆಯನ್ನು ಬಾಗಿಲಿಗೆ ಒರಗಿಸಿ ಬಂದು ನಿಂತಳು. "ಹೂಂ ಕಣಪ್ಪ, ನಾನೇ ಕೊಟ್ಟೆ. ಪಾಪ, ಕಕ್ಕಂಡ್ರೆ ಇನ್ನೊಂದು ದಿನ ಬರ್ಬೇಕಲ್ಲ ಅಂತ. ಬಸುರಿ ಹೆಂಗುಸ್ರು, ಅಷ್ಟು ದೂರದಿಂದ ನಡ್ಕಂಡ್ ಬರ್ತಾವೆ."

"ಯಾರು ಹೇಳಿದ್ರು ನಿನಗೆ ಕೊಡು ಅಂತ?"

ಕೊಲ್ಲಾಪುರಮ್ಮ ನನ್ನ ಕಡೆ ತಿರುಗಲಿಲ್ಲ. "ಯಾರ್ ಯಾಕ್ ಹೇಳ್ತಾರೆ? ನಂಗೇ ತೋಚ್ತು," ಎಂದಳು.

ಅವಳಿಗೆ ತೋಚಿದ್ದಲ್ಲ. ಇಲ್ಲಿಯವರೆಗೆ ಎಲ್ಲರ ಮೇಲೂ ಹರಿಹಾಯ್ದಿದ್ದೇನೆ, ಇದನ್ನೂ ಬರೆಯುತ್ತೇನೆ. ಎಂಟು ವರ್ಷದ ಹಿಂದೆ, ಆ ಪರೀಕ್ಷೆ ಶುರುವಾದ ಎರಡನೆಯ ವಾರ, ಒಂದೇ ದಿನ ಐದು ಜನ ವಾಂತಿ ಮಾಡಿಕೊಂಡಾಗ ರೇಗಿಹೋಗಿ ಹೇಳಿದವಳು ನಾನು. ಕೊಲ್ಲಾಪುರಮ್ಮಾ, ಒಂದೊಂದು ಎಲೆ ಅಡಿಕೆ ಕೊಡು ಇವಕ್ಕೆ, ನಿಲ್ಲುತ್ತೆ, ಎಂದಿದ್ದೆ. ನಿಂತಿತು. ನನ್ನ ತಿಂಗಳ ವರದಿ ನೂರಕ್ಕೆ ನೂರಾಯಿತು. ಆಮೇಲೆ ಹೊಸದಾಗಿ ಬಂದವರಿಗೆ ನಾನೇ ದಾರಿ ತೋರಿಸುತ್ತಿದ್ದೆ. ಮೊದಲ ಬಸುರಿನಲ್ಲಿ ಪ್ರಿಯಾಂಕಳ ಭುಜ ಹಿಡಿದು ಟ್ಯಾಂಕಿನ ಹಿಂದೆ ಕಳಿಸಿದ್ದೂ ನಾನೇ.

ಅವತ್ತು ನಾನು ಹೇಳಬಹುದಿತ್ತು. ಬಕೆಟ್ ಹಿಡಿದುಕೊಂಡು ಸುಮ್ಮನೆ ನಿಂತೆ.

ಸಾಹೇಬರು ಕೂಗುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಕೂಗಲಿಲ್ಲ. ಒಂದು ಲ್ಯಾಬ್ ಚೀಟಿಯ ಹಿಂಭಾಗದಲ್ಲಿ ಒಂದು ದುಂಡು ಬರೆದು, ಅದರ ಅಂಚಿಗೆ ಒಂದು ಗೂಡು ಬರೆದರು. "ಇನ್ಸುಲಿನ್ ಕಣ," ಎಂದರು, ಯಾರನ್ನೂ ನೋಡದೆ. "ಮಿದುಳಿನಿಂದ ಬರೋ ನರದ ತುದೀಲಿ ಅಸಿಟೈಲ್‌ಕೋಲಿನ್ ಅಂತ ಒಂದು ರಸ ಬರುತ್ತೆ. ಅದು ಇಲ್ಲಿ ಕೂತ್ರೆ, ರಕ್ತದಲ್ಲಿ ಸಕ್ಕರೆ ಇದ್ದಾಗ, ಕಣ ಇನ್ಸುಲಿನ್ ಜಾಸ್ತಿ ಬಿಡುತ್ತೆ. ಅಡಿಕೇಲಿ ಅರೆಕೋಲಿನ್ ಅಂತ ಇದೆ. ಅದಕ್ಕೂ ಈ ಗೂಡು ಹಿಡಿಸುತ್ತೆ. ಎಲೆ ಅಡಿಕೆ ಹಾಕ್ಕಂಡ್ರೆ ಜೊಲ್ಲು ಯಾಕೆ ಸುರಿಯುತ್ತೆ? ಹಣೆ ಯಾಕೆ ಬೆವರುತ್ತೆ? ಅಲ್ಲೂ ಇದೇ ಜಾತಿ ಗೂಡು. ಎರಡು ವರ್ಷ ನಾನು ಇಲಿ ಕಣದ ಮೇಲೆ ಹನಿಸಿದ್ದು ಇಂಥದ್ದನ್ನೇ. ಯಾ ಅಲ್ಲಾ, ಎಂಟು ವರ್ಷ ಟ್ಯಾಂಕಿನ ಹಿಂದೆ ಅದೇ ಪ್ರಯೋಗ ನಡೆದಿದೆ, ನಾನು ಇಲ್ಲಿ ಕೂತು ತಕ್ಕಡೀಲಿ ಪೊಟ್ಟಣ ತೂಗ್ತಿದೀನಿ."

ಪ್ರಿಯಾಂಕಳಿಗೆ ಅವರು ಗ್ಲೂಕೋಸ್ ಮತ್ತೆ ಕುಡಿಸಲಿಲ್ಲ. ಮಾರನೆಯ ದಿನ ಖಾಲಿ ಹೊಟ್ಟೆಯಲ್ಲಿ ಕರೆಸಿ ರಕ್ತ ತೆಗೆದು, ತಮ್ಮ ಡಬ್ಬಿಯ ಚಪಾತಿ ಪಲ್ಯವನ್ನೇ ಅವಳಿಗೆ ತಿನ್ನಿಸಿ, ಎರಡು ಗಂಟೆ ಎದುರಿಗೇ ಕೂರಿಸಿ, ಮತ್ತೆ ತೆಗೆದರು. ನೂರ ತೊಂಬತ್ತೊಂದು. ಚೀಟಿಯನ್ನು ಅನಿಲ್ ಕುಮಾರ್ ಡಾಕ್ಟರ ಮುಂದಿಟ್ಟರು. ಡಾಕ್ಟರು ಅದನ್ನು ಎರಡು ಸಲ ಓದಿ, ಅವತ್ತೇ ಅವಳನ್ನು ತುಮಕೂರಿಗೆ ಕಳಿಸಿದರು. ಇನ್ಸುಲಿನ್ ಶುರುವಾಯಿತು, ಹೊಟ್ಟೆ ಕಟ್ಟುವುದು ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡಬೇಕೆಂದು ಅಲ್ಲಿ ಬರೆದುಕೊಟ್ಟರು.

ಎಲೆ ಅಡಿಕೆಯ ವಿಷಯವನ್ನು ಮಾತ್ರ ಡಾಕ್ಟರು ಒಪ್ಪಲಿಲ್ಲ. "ದಿನಾ ಅಡಿಕೆ ಹಾಕೋರಿಗೆ ಸಕ್ಕರೆ ಏರುತ್ತೆ ಅಂತ ನಾನು ಓದಿದೀನಿ. ನೀವು ಇಳಿಯುತ್ತೆ ಅಂತೀರಿ."

"ವರ್ಷಗಟ್ಟಲೆ ಹಾಕೋದು ಬೇರೆ ಸಾರ್, ಪರೀಕ್ಷೆ ಮಧ್ಯೆ ಒಂದು ಸಲ ಹಾಕೋದು ಬೇರೆ."

"ಪ್ರೂಫ್ ಇದೆಯಾ?"

ಪ್ರೂಫ್ ಇರಲಿಲ್ಲ. ಸಾಹೇಬರು ಅದಕ್ಕೆ ಮಾಡಿದ ಕೆಲಸವನ್ನು ಈಗ ನೆನೆಸಿದರೂ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಾಲ್ಕು ಭಾನುವಾರ ಶಿರಾದಿಂದ ಬಸ್ಸು ಹತ್ತಿ ಬಂದರು. ಎರಡು ಭಾನುವಾರ ಬರೀ ಗ್ಲೂಕೋಸ್ ಕುಡಿದರು, ಎರಡು ಭಾನುವಾರ ಕುಡಿದು ಎಲೆ ಅಡಿಕೆ ಹಾಕಿಕೊಂಡರು. ಹುಟ್ಟಿದಾಗಿನಿಂದ ಅಡಿಕೆ ಮುಟ್ಟದ ಮನುಷ್ಯ. ಎರಡನೆಯ ಹೋಳಿಗೇ ತಲೆ ಸುತ್ತಿ, ಅಂಗಿ ನೆನೆದು, ಜೊಲ್ಲು ಸುರಿಸಿಕೊಂಡು ಬೆಂಚಿನ ಮೇಲೆ ಒರಗಿದರು. ಬೆರಳು ಚುಚ್ಚಿ ರಕ್ತ ತೆಗೆದವಳು ನಾನು. ಬರೀ ಗ್ಲೂಕೋಸಿಗೆ ನೂರ ಮೂವತ್ತೊಂದು, ನೂರ ಇಪ್ಪತ್ತಾರು. ಎಲೆ ಅಡಿಕೆಯ ಜೊತೆಗೆ ತೊಂಬತ್ತೇಳು, ನೂರ ನಾಲ್ಕು.

"ಸಿಕ್ತಲ್ಲ ಸಾರ್ ಪ್ರೂಫು," ಎಂದೆ.

"ಒಬ್ಬ ಮನುಷ್ಯ, ನಾಲ್ಕು ಅಂಕಿ. ಇದು ಪ್ರೂಫ್ ಅಲ್ಲ ಸಿಸ್ಟರ್, ಬರೀ ಅನುಮಾನ. ನೂರು ಜನಕ್ಕೆ ಸರಿಯಾಗಿ ಮಾಡಿದ್ರೆ ಗೊತ್ತಾಗುತ್ತೆ. ಯಾರು ಬಿಡ್ತಾರೆ ನನ್ನ ಮಾಡೋಕೆ?" ಎಂದು ಬಾಯಿ ಮುಕ್ಕಳಿಸಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಅವರಿಂದ ಕಿತ್ತುಕೊಂಡ ಪ್ರಶ್ನೆ ಕಾಲಡಿಗೇ ಬಂದು ಬಿದ್ದಿತ್ತು. ಎತ್ತಿಕೊಳ್ಳುವುದಕ್ಕೆ ಅವರ ಹತ್ತಿರ ಏನೂ ಇರಲಿಲ್ಲ.

ಮೇಲಿನವರಿಗೆ ನಾಲ್ಕು ಪುಟದ ಕಾಗದ ಬರೆದರು. ಗ್ಲೂಕೋಸ್ ಕುಡಿದ ಮೇಲೆ ಎಲೆ ಅಡಿಕೆ ಹಾಕಬಾರದು ಎಂಬ ಒಂದೇ ಒಂದು ಸಾಲು ಎಲ್ಲ ಕೇಂದ್ರಗಳ ಗೋಡೆಗೂ ಬರಲಿ ಎಂದು ಕೇಳಿದರು. ಎರಡು ತಿಂಗಳಿಗೆ ಬಂದ ಉತ್ತರದಲ್ಲಿ ಆವರಣವನ್ನು ಸ್ವಚ್ಛವಾಗಿ ಇಟ್ಟುಕೊಳ್ಳುವಂತೆಯೂ, ಕರ್ತವ್ಯಲೋಪ ಮಾಡಿದ ಸಿಬ್ಬಂದಿಯ ಮೇಲೆ ಕ್ರಮ ಜರುಗಿಸುವಂತೆಯೂ ಸೂಚಿಸಲಾಗಿತ್ತು. ಸಿಬ್ಬಂದಿ ಅಂದರೆ ಕೊಲ್ಲಾಪುರಮ್ಮ. ಅವಳನ್ನು ನಾಲ್ಕು ಮೈಲಿ ಆಚೆಯ ಉಪಕೇಂದ್ರಕ್ಕೆ ಹಾಕಿದರು. ಅರವತ್ತರ ಮುದುಕಿ ಈಗ ದಿನಾ ಅಷ್ಟು ದೂರ ನಡೆಯುತ್ತಾಳೆ. ಹೋಗುವ ದಿನ ನನ್ನ ಕೋಣೆಗೆ ಬಂದು, "ಬತ್ತೀನಿ ಕಣಮ್ಮ, ನೀನೇನೂ ಮನಸ್ಸಿಗೆ ಹಚ್ಕಬ್ಯಾಡ," ಎಂದಳು. ಆ ಮಾತಿಗಿಂತ ಅವಳು ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಸಾಹೇಬರು ಅವಳಿಗಾಗಿಯೂ ಡಾಕ್ಟರ ಹತ್ತಿರ ಜಗಳವಾಡಿದರು. "ತಿಳೀದೆ ಮಾಡಿದ್ದಾಳೆ, ನೋಡ್ಕೋಬೇಕಾಗಿದ್ದು ನಾನು, ಕ್ರಮ ಬೇಕಾದ್ರೆ ನನ್ನ ಮೇಲೆ ತಗೊಳ್ಳಿ," ಎಂದದ್ದು ಪ್ಲೈವುಡ್ ಗೋಡೆ ದಾಟಿ ಕೇಳಿಸಿತು. ನಾನು ಆಗಲೂ ಎದ್ದು ಹೋಗಲಿಲ್ಲ. ಪೆನ್ಷನ್ನಿಗೆ ನಾಲ್ಕು ವರ್ಷ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಪ್ರಿಯಾಂಕಳಿಗೆ ತುಮಕೂರಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು, ಮೂರು ಕೆಜಿ ನೂರು. ಒಂದು ತಿಂಗಳಾದ ಮೇಲೆ ಸಾಹೇಬರು, "ಆ ಮನೆಗೆ ಹೋಗ್ಬೇಕು ಸಿಸ್ಟರ್, ನೀವೂ ಬನ್ನಿ, ಹೆಂಗಸರು ಒಬ್ಬರು ಜೊತೆಗಿದ್ರೆ ಒಳ್ಳೇದು," ಎಂದರು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಹೋದೆವು. ಗೌರೀಶ್ ಚಾಪೆ ಹಾಸಿ, ಕಾಫಿಗೆ ಹೇಳಿ, ಎಂದಿನಂತೆ ಗೋಡೆಗೆ ಒರಗಿ ನಿಂತ. ಶಿವರುದ್ರಮ್ಮ ಮೊಮ್ಮಗಳ ಸ್ನಾನದ ನೀರು ಕಾಯಿಸುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. "ಈ ಸಲ ಇವ್ಳು ಬಾಯಿ ಕಟ್ಟಿದ್ಲು, ಅದ್ಕೇ ಕೂಸು ಉಳ್ಕಂತು," ಎಂದು ಶುರು ಮಾಡಿದಳು.

"ಅಲ್ಲ ತಾಯಿ," ಎಂದರು ಸಾಹೇಬರು. "ಅದನ್ನು ಹೇಳೋಕೇ ಬಂದಿದೀನಿ. ಈ ಸಲ ನಿಮ್ಮ ಸೊಸೆ ಮೂರು ಹೊತ್ತೂ ಊಟ ಮಾಡಿದಾಳೆ, ಡಾಕ್ಟ್ರೇ ಬರ್ಕೊಟ್ಟಿದ್ರು. ಹೋದ ಸಲಾನೂ ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ನಮ್ಮ ರಿಪೋರ್ಟ್‌ನಲ್ಲಿ ಅದು ಸಿಕ್ಕಲಿಲ್ಲ. ಸಿಕ್ಕಿದ್ರೆ ತುಮಕೂರಿಗೆ ಕಳಿಸ್ತಿದ್ವಿ, ಆ ಮಗೂನೂ ಉಳೀತಿತ್ತು."

ಕಾಫಿ ಹಿಡಿದು ಬಂದ ಪ್ರಿಯಾಂಕ ಬಾಗಿಲಲ್ಲೇ ನಿಂತಳು. "ಹಂಗಾದ್ರೆ ಸಾ, ನಾನು ತಿಂದಿದ್ದಕ್ಕೆ ಅಲ್ವಾ?"

ಪ್ರೂಫ್ ಇಲ್ಲದೆ ಒಂದು ಮಾತನ್ನೂ ಆಡದ ಮನುಷ್ಯ. ನಾಲ್ಕು ಭಾನುವಾರ ಬೆರಳು ಚುಚ್ಚಿಸಿಕೊಂಡೂ ಬರೀ ಅನುಮಾನ ಎಂದವರು. ಹೋದ ಸಲದ ರಕ್ತ ಎಲ್ಲಿದೆ, ಅದರಲ್ಲಿ ಎಷ್ಟಿತ್ತು ಎಂದು ಈಗ ಯಾರಿಗೂ ಗೊತ್ತಾಗುವುದಿಲ್ಲ. ಅದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಅಲ್ಲ ಕಣಮ್ಮ," ಎಂದರು. "ತಿಂದಿದ್ದಕ್ಕೆ ಅಲ್ವೇ ಅಲ್ಲ."

ಗೌರೀಶ್ ಬಂದು ಪ್ರಿಯಾಂಕಳ ಕೈಯಿಂದ ಕಾಫಿಯ ತಟ್ಟೆ ಇಸಿದುಕೊಂಡ. ಮೂರು ವರ್ಷ ಊರೆಲ್ಲ ಹೇಳಿಕೊಂಡು ಬಂದ ಮಾತನ್ನು ಎಲ್ಲಿಡಬೇಕೋ ಶಿವರುದ್ರಮ್ಮನಿಗೆ ತಿಳಿಯಲಿಲ್ಲ ಅಂತ ಕಾಣುತ್ತದೆ.

"ಅಂಗಾದ್ರೆ ತಪ್ಪು ಯಾರ್ದಪ್ಪಾ?" ಎಂದಳು ಕೊನೆಗೆ.

"ನಂದು ತಾಯಿ. ಸಹಿ ಹಾಕಿದವನು ನಾನು."

ಪ್ರಿಯಾಂಕ ನನ್ನನ್ನು ನೋಡಿದಳು. ಅವಳ ಭುಜ ಹಿಡಿದು ಟ್ಯಾಂಕಿನ ಹಿಂದೆ ಕಳಿಸಿದ ಕೈ ಯಾವುದೆಂದು ಆ ಮನೆಯಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ತೊಟ್ಟಿಲಿನಿಂದ ಮಗುವನ್ನು ಎತ್ತಿ ತಂದು, "ಒಸಿ ಹಿಡ್ಕಳಿ ಸಿಸ್ಟರ್," ಎಂದು ನನ್ನ ಮಡಿಲಿಗೆ ಹಾಕಿದಳು. ನಾನು ಹಿಡಿದುಕೊಂಡೆ. ಬಾಯಿ ಬಿಡಲಿಲ್ಲ.